ನೀಲಿಯಾದರೆ ಸೀಸವೆಂದೇ ಅರ್ಥವೇ?

ಕುಡಿಯುವ ನೀರಿನಲ್ಲಿ ಸೀಸ ಪತ್ತೆಗೆ ಬಳಸುವ, ಕೆಂಪಿನಿಂದ ನೀಲಿಗೆ ತಿರುಗುವ ಚಿನ್ನದ ನ್ಯಾನೊಕಣಗಳ (ಅತಿ ಸೂಕ್ಷ್ಮ ಕಣಗಳ) ದ್ರಾವಣ ಸೀಸವನ್ನೇ ತೋರಿಸುವುದಿಲ್ಲ. ಕಣಗಳು ಗುಂಪುಗೂಡಿವೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ಸುಮಾರು 13 ನ್ಯಾನೊಮೀಟರ್‌ ಕಣಗಳು ಬಿಡಿಬಿಡಿಯಾಗಿದ್ದರೆ 520 ನ್ಯಾನೊಮೀಟರ್‌ ಆಸುಪಾಸಿನ ಬೆಳಕು ಹೀರಿ ಕೆಂಪಾಗಿ ಕಾಣುತ್ತವೆ. ಅವುಗಳ ಮೇಲೆ ಲೇಪಿಸಿದ ಗ್ಲುಟಾಥಯೋನ್ ಎಂಬ ಸಾವಯವ ವಸ್ತುವಿನ ಪದರಕ್ಕೆ ಸೀಸದ ಅಯಾನು (ನೀರಿನಲ್ಲಿ ಕರಗಿರುವ ವಿದ್ಯುದಂಶವುಳ್ಳ ಕಣ) ಅಂಟಿ ಕಣಗಳನ್ನು ಜೋಡಿಸಿದಾಗ ಬಣ್ಣ ನೇರಳೆ, ನೀಲಿಗೆ ತಿರುಗುತ್ತದೆ. ಆದರೆ ಉಪ್ಪು, ಆಮ್ಲ, ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡಬಲ್ಲವು.

ಆದ್ದರಿಂದ ಬಟ್ಟಿ ಇಳಿಸಿದ ನೀರಿನ ಜೊತೆಗಷ್ಟೇ ಹೋಲಿಸಿದರೆ ಸಾಲದು. ಪರೀಕ್ಷಿಸುವ ನೀರಿನ ಮಾದರಿಯಷ್ಟೇ ಗಡಸುತನ ಬರುವಂತೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದ ಸೀಸರಹಿತ ನೀರನ್ನೂ ಪಕ್ಕದಲ್ಲಿಡಿ. ಅದೂ ನೀಲಿಯಾದರೆ ಆ ನೀರಿಗೆ ಈ ದ್ರಾವಣ ಒಗ್ಗುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಎಂದೂ ಬಿಡಬಾರದು. ಲೀಟರಿಗೆ 1000 ಮಿಲಿಗ್ರಾಂ ಇರುವ ಸೀಸದ ಪ್ರಮಾಣಿತ ದ್ರಾವಣದ 1 ಮಿಲಿಲೀಟರನ್ನು ಸೀಸರಹಿತ ನೀರು ಬೆರೆಸಿ 100 ಮಿಲಿಲೀಟರಿಗೆ ತೆಳುಮಾಡಿ. ಅದರಲ್ಲಿ 0.1 ಮಿಲಿಲೀಟರನ್ನು 100 ಮಿಲಿಲೀಟರ್ ಮಾದರಿಗೆ ಹಾಕಿದರೆ ಲೀಟರಿಗೆ 10 ಮೈಕ್ರೊಗ್ರಾಂ ಸೇರಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯವೂ ಅಷ್ಟೇ. ಇದನ್ನು ಬೆರೆಸಿದ ಭಾಗಕ್ಕೂ ಬೆರೆಸದ ಭಾಗಕ್ಕೂ ವ್ಯತ್ಯಾಸ ಕಾಣದಿದ್ದರೆ, 'ಬಣ್ಣ ಬದಲಾಗಲಿಲ್ಲ, ನೀರು ಸುರಕ್ಷಿತ' ಎನ್ನುವ ಹಕ್ಕು ನಮಗಿಲ್ಲ. ನೀರಿನ ಸಾವಯವ ಅಂಶ ಸೀಸವನ್ನು ಹಿಡಿದಿಟ್ಟಿರಬಹುದು. ಇಲ್ಲವೇ ದ್ರಾವಣಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲದಿರಬಹುದು. ಲೀಟರಿಗೆ 10 ಮೈಕ್ರೊಗ್ರಾಂ ಎಂದರೆ ಬಹಳ ಕಡಿಮೆ ಪ್ರಮಾಣ. ಬರಿಗಣ್ಣಿಗೆ ಅಲ್ಲಿ ವ್ಯತ್ಯಾಸ ಸಿಗುವುದು ಕಷ್ಟ. ಕಣಗಳು ಗುಂಪುಗೂಡಿದಷ್ಟೂ ಏರುವ, 620 ಮತ್ತು 520 ನ್ಯಾನೊಮೀಟರ್‌ಗಳಲ್ಲಿನ ಬೆಳಕಿನ ಹೀರಿಕೆಯ ಅನುಪಾತ ಅಳೆಯುವುದೇ ಮೇಲು. ಮೊಬೈಲ್ ಕ್ಯಾಮೆರಾ ಬಳಸಿದರೆ ಬಿಳಿ ಸಮತೋಲನವನ್ನು (ವೈಟ್ ಬ್ಯಾಲೆನ್ಸ್) ಸ್ಥಿರವಾಗಿಡಿ, ಎಲ್ಲ ಸೀಸೆಗಳನ್ನೂ ಒಂದೇ ಚಿತ್ರದಲ್ಲಿ ತೆಗೆಯಿರಿ.

ಕನಿಷ್ಠ 6 ಗಂಟೆ ಬಳಸದೆ ಬಿಟ್ಟ ನಲ್ಲಿಯ ಮೊದಲ ನೀರನ್ನೇ ಮಾದರಿಯಾಗಿ ಹಿಡಿಯಬೇಕು. ನೀರು ಹರಿಯಬಿಟ್ಟು ಹಿಡಿದರೆ ಕೊಳವೆಯ ಸೀಸ ಆಗಲೇ ಹೋಗಿರುತ್ತದೆ. ಸಂಗ್ರಹಿಸಿಡಲು ನೈಟ್ರಿಕ್ ಆಮ್ಲ ಹಾಕಿದ್ದರೆ ಪರೀಕ್ಷೆಗೆ ಮುನ್ನ ತಟಸ್ಥಗೊಳಿಸಿ, ಹೋಲಿಕೆಯ ನೀರಿಗೂ ಅದನ್ನೇ ಮಾಡಿ. ಕರಗದ ಸೀಸದ ಚೂರುಗಳು ಈ ಪರೀಕ್ಷೆಗೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಆರ್ಸೆನಿಕ್‌ನ ದಾರಿಯೇ ಬೇರೆ: ನೀರಿಗೆ ಸತು ಮತ್ತು ಆಮ್ಲ ಸೇರಿಸಿದಾಗ ಅದರಲ್ಲಿನ ಆರ್ಸೆನಿಕ್ ಆರ್ಸೀನ್ ಅನಿಲವಾಗಿ ಹೊರಟು, ಮರ್ಕ್ಯುರಿಕ್ ಬ್ರೋಮೈಡ್ (ಪಾದರಸದ ಸಂಯುಕ್ತ) ಸವರಿದ ಪಟ್ಟಿ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೈಡ್ರೋಜನ್ ಸಲ್ಫೈಡ್ ಕೂಡ ಪಟ್ಟಿಗೆ ಬಣ್ಣ ತರುವುದರಿಂದ ಅದನ್ನು ತಡೆಯಲು ನಡುವೆ ಲೆಡ್ ಅಸಿಟೇಟ್‌ನಲ್ಲಿ ನೆನೆಸಿದ ಹತ್ತಿ ಬೇಕು. ಅನಿಲ ವಿಷ, ಪಟ್ಟಿಯೂ ವಿಷ. ಗಾಳಿಯಾಡುವ ಜಾಗದಲ್ಲೇ ಮಾಡಿ.

ಸಂಶಯ ಬಂದ ನೀರನ್ನು ಐಸಿಪಿ-ಎಂಎಸ್ (ಲೋಹಗಳನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲೂ ಅಳೆಯುವ ಉಪಕರಣ) ಇರುವ ಪ್ರಯೋಗಾಲಯಕ್ಕೆ ಕಳುಹಿಸಿ. ಫಲಿತಾಂಶ ಬರುವವರೆಗೆ ಶಿಶುಗಳಿಗೆ ಹಾಲುಪುಡಿ ಕಲಸಲು ಅದನ್ನು ಬಳಸಬೇಡಿ. ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ.