ಓವರ್‌ಕ್ಲಾಕಿಂಗ್‌ಗೆಂದು ತೆಗೆದಿಟ್ಟ ಹಣ ಎಲ್ಲಿಗೆ ಹೋಗಬೇಕು

ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವವರಲ್ಲಿ ಹೆಚ್ಚಿನವರು ಪ್ರೊಸೆಸರ್ ಯಾವುದೆಂಬುದನ್ನು ಮನೆಯಲ್ಲೇ ನಿಶ್ಚಯಿಸಿಕೊಂಡಿರುತ್ತಾರೆ. ಎಲ್ಲ ಭಾಗಗಳನ್ನೂ ಕೂಡಿಸುವ ಮದರ್‌ಬೋರ್ಡನ್ನು ಮಾತ್ರ ಅಂಗಡಿಯವರ ಮಾತಿಗೆ ಬಿಟ್ಟಿರುತ್ತಾರೆ. ವಿಡಿಯೊ ಸಂಕಲನ ಕಲಿಯುತ್ತಿರುವ ನನ್ನ ಅಕ್ಕನ ಮಗನೂ ಕಳೆದ ತಿಂಗಳು ಅಲ್ಲಿಂದಲೇ ಫೋನ್ ಮಾಡಿ, "ಮಾವ, ಓವರ್‌ಕ್ಲಾಕ್ ಮಾಡೋದಾದ್ರೆ ದುಬಾರಿ ಬೋರ್ಡೇ ಬೇಕಂತೆ, ತಗೊಳ್ಳಲಾ?" ಎಂದು ಕೇಳಿದ. ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಅವನಿಗೆ ಫೋನಿನಲ್ಲಿ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ಎಲ್ಲ ಪ್ರೊಸೆಸರ್‌ಗಳೂ ಓವರ್‌ಕ್ಲಾಕಿಂಗ್‌ಗೆ ಒಗ್ಗುವುದಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನಲ್ಲಿ ಅಂಕಿಗಳ ನಂತರ 'ಕೆ' ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಮಾತ್ರ ಗುಣಕ, ಅಂದರೆ ಬಸ್ ಎಂಬ ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂಬ ಅಂಕಿ, ಬದಲಿಸಲು ತೆರೆದಿರುತ್ತದೆ, ಅದನ್ನು ಏರಿಸಲು 'ಝಡ್' ಸರಣಿಯ ಚಿಪ್‌ಸೆಟ್ (ಬೋರ್ಡಿನ ನಿಯಂತ್ರಕ ಚಿಪ್) ಬೇಕಾಗುತ್ತದೆ. 'ಬಿ' ಸರಣಿಯ ಬೋರ್ಡಿನಲ್ಲಿ ಮೆಮೊರಿಯ ವೇಗವನ್ನಷ್ಟೇ ಏರಿಸಬಹುದು. ಎಎಂಡಿ ಇಷ್ಟು ಬಿಗಿಯಾಗಿಲ್ಲ. ಅದರ ರೈಜನ್ ಪ್ರೊಸೆಸರ್‌ಗಳಲ್ಲಿ ಬಹುತೇಕ ಎಲ್ಲವೂ ತೆರೆದಿರುತ್ತವೆ, 'ಬಿ' ಸರಣಿಯ ಬೋರ್ಡೂ ಸಾಕಾಗುತ್ತದೆ. ಪ್ರೊಸೆಸರ್ ಮೇಲೆ ಕ್ಯಾಷ್ ಎಂಬ ವೇಗದ ಮೆಮೊರಿಯ ಹೆಚ್ಚುವರಿ ಪದರವನ್ನು ಹೊತ್ತು 2022ರಲ್ಲಿ ಬಂದ 5800ಎಕ್ಸ್3ಡಿ ಇದಕ್ಕೆ ಅಪವಾದವಾಗಿತ್ತು. 2024ರ 9800ಎಕ್ಸ್3ಡಿಯಲ್ಲಿ ಆ ಪದರವನ್ನು ಲೆಕ್ಕ ಮಾಡುವ ಕೋರ್‌ಗಳ ಕೆಳಗೆ ಸರಿಸಿದ್ದರಿಂದ ಶಾಖ ಸುಲಭವಾಗಿ ಹೊರಬೀಳುವಂತಾಯಿತು, ನಿರ್ಬಂಧವೂ ಹೋಯಿತು.

ಇಷ್ಟಾಗಿಯೂ, ಗುಣಕ ಏರಿಸುವ ಓವರ್‌ಕ್ಲಾಕಿಂಗ್‌ನಿಂದ ಇಂದು ದಕ್ಕುವುದು ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. 1998ರ ಸೆಲೆರಾನ್ 300ಎ ಪ್ರೊಸೆಸರ್‌ನ ಗುಣಕ 4.5ಕ್ಕೆ ಬಿಗಿದಿದ್ದರೂ, ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದೊಡನೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಅಂದರೆ ಅರ್ಧದಷ್ಟು ವೇಗ ಪುಕ್ಕಟೆಯಾಗಿ ಸಿಗುತ್ತಿತ್ತು. ಈಗ ಆ ಉಳಿಕೆಯನ್ನು ತಯಾರಕರೇ ಟರ್ಬೊ, ಬೂಸ್ಟ್ ಎಂಬ ಹೆಸರುಗಳಲ್ಲಿ ಬಳಸಿಕೊಂಡು, ಪೆಟ್ಟಿಗೆಯ ಮೇಲಿನ ಅಂಕಿಯಾಗಿ ಮಾರುತ್ತಾರೆ. ಅದಕ್ಕೂ ಮೇಲಕ್ಕೆ ಏರಬೇಕಾದರೆ ವೋಲ್ಟೇಜ್ ಹೆಚ್ಚಿಸಲೇಬೇಕು. ಪ್ರೊಸೆಸರ್ ಸೇವಿಸುವ ವಿದ್ಯುತ್ತು ಮುಖ್ಯವಾಗಿ ವೇಗದೊಂದಿಗೆ ನೇರವಾಗಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುವುದರಿಂದ, 5.0 ಗಿಗಾಹರ್ಟ್ಸ್‌ನಲ್ಲಿ 1.20 ವೋಲ್ಟ್ ಬೇಡುವ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 5.3ಕ್ಕೆ ಒಯ್ದರೆ, ಶೇಕಡಾ 6ರಷ್ಟು ವೇಗಕ್ಕೆ ಶೇಕಡಾ 34ರಷ್ಟು ಹೆಚ್ಚು ವಿದ್ಯುತ್ತು ತೆರಬೇಕಾಗುತ್ತದೆ. ವಿಡಿಯೊ ರೆಂಡರ್ ಆಗುವ ಹೊತ್ತಿನಲ್ಲಿ ಆ 6 ಯಾರ ಗಮನಕ್ಕೂ ಬಾರದು, 34 ಮಾತ್ರ ಫ್ಯಾನಿನ ಸದ್ದಿನಲ್ಲಿ ಕೇಳಿಸುತ್ತದೆ.

ಹಾಗೆಂದು ಬೋರ್ಡು ಯಾವುದಾದರೂ ಆದೀತು ಎಂದಲ್ಲ. ನೋಡಬೇಕಾದದ್ದು ಚಿಪ್‌ಸೆಟ್‌ನ ಹೆಸರಿಗಿಂತ ಮೊದಲು ವಿಆರ್‌ಎಂ ಎನ್ನುವ ವಿದ್ಯುತ್ ಪೂರೈಕೆಯ ಭಾಗವನ್ನು. ಕಂಪ್ಯೂಟರಿಗೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ಪ್ರೊಸೆಸರ್‌ಗೆ ಒಪ್ಪಿಸುವುದು ಅದರ ಕೆಲಸ. 150 ವಾಟ್ ಸೇವಿಸುವ ಪ್ರೊಸೆಸರ್‌ಗೆ 1.2 ವೋಲ್ಟಿನಲ್ಲಿ 125 ಆಂಪಿಯರ್ ಕರೆಂಟು ಬೇಕು. ಮನೆಯ ಗೀಸರ್ ಪ್ಲಗ್ಗಿಗೇ 16 ಆಂಪಿಯರ್ ಮಿತಿಯಿರುವುದನ್ನು ನೆನೆದರೆ ಇದು ಎಷ್ಟು ದೊಡ್ಡ ಹರಿವೆಂಬುದು ತಿಳಿಯುತ್ತದೆ. ಈ ಇಳಿಕೆಯಲ್ಲಿ ನೂರಕ್ಕೆ ಹತ್ತು ಪಾಲು ನಷ್ಟವಾಗುತ್ತದೆಂದು ಇಟ್ಟುಕೊಂಡರೂ ಸುಮಾರು 17 ವಾಟ್ ಶಾಖ ಸಾಕೆಟ್ಟಿನ ಪಕ್ಕದಲ್ಲಿಯೇ ಹುಟ್ಟುತ್ತದೆ. ಅಗ್ಗದ ಬೋರ್ಡುಗಳಲ್ಲಿ ಅಲ್ಲಿ ಶಾಖ ಹೀರಿ ಹೊರಹಾಕುವ ಹೀಟ್‌ಸಿಂಕೇ ಇರುವುದಿಲ್ಲ, ಇದ್ದರೂ ಅಲಂಕಾರಕ್ಕೆ ಅಂಟಿಸಿದ ತೆಳುವಾದ ಹಾಳೆಯಾಗಿರುತ್ತದೆ. ಪೆಟ್ಟಿಗೆಯ ಮೇಲೆ '14+2+1' ಎಂಬಂತೆ ಅಚ್ಚಾಗಿರುವ ಹಂತಗಳ (ಹೊರೆಯನ್ನು ಹಂಚಿಕೊಳ್ಳುವ ವಿಆರ್‌ಎಂ ಘಟಕಗಳ) ಲೆಕ್ಕವೊಂದನ್ನೇ ನಂಬಬಾರದು. ಪ್ರತಿ ಹಂತವೂ ಎಷ್ಟು ಆಂಪಿಯರ್ ತಾಳುತ್ತದೆ, ಅದರ ಮೇಲಿರುವ ಅಲ್ಯೂಮಿನಿಯಂ ಗಟ್ಟಿಯಾಗಿದೆಯೇ, ಅದರಲ್ಲಿ ಗಾಳಿ ಹಾಯುವ ಸೀಳುಗಳಿವೆಯೇ ಎಂಬುದೇ ಮುಖ್ಯ. ಲಿಕ್ವಿಡ್ ಕೂಲರ್ ಹಾಕಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಟವರ್ ಕೂಲರಿನ ಫ್ಯಾನ್ ಬೀಸುವಾಗ ವಿಆರ್‌ಎಂಗೂ ಒಂದಿಷ್ಟು ಗಾಳಿ ತಗಲುತ್ತದೆ; ರೇಡಿಯೇಟರ್ ಕ್ಯಾಬಿನೆಟ್ಟಿನ ಮೂಲೆ ಸೇರಿದರೆ ಆ ಉಪಕಾರ ತಪ್ಪುತ್ತದೆ.

ಬೆಂಗಳೂರು ತಂಪಾದ ಊರೆಂಬ ನಂಬಿಕೆಯ ಮೇಲೆ ಡಿಸೆಂಬರಿನಲ್ಲಿ ಹೊಂದಿಸಿದ ಓವರ್‌ಕ್ಲಾಕ್ ಏಪ್ರಿಲಿನಲ್ಲಿ ಕೈಕೊಡಬಹುದು. ಕೋಣೆಯ ಉಷ್ಣಾಂಶ 10 ಡಿಗ್ರಿ ಏರಿದರೆ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಮತ್ತು 2016ರ ಏಪ್ರಿಲಿನಲ್ಲಿ ಈ ನಗರ 39.2 ಡಿಗ್ರಿಯನ್ನು ಕಂಡಿದೆ. ಆದ್ದರಿಂದ ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನ, ಕ್ಯಾಬಿನೆಟ್ಟಿನ ಮುಚ್ಚಳ ಹಾಕಿಯೇ ನಡೆಸಬೇಕು. ರಸ್ತೆಯ ಧೂಳು ಫಿಲ್ಟರನ್ನು ಮುಚ್ಚುವ ವೇಗವನ್ನು ಬಲ್ಲವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ನಾನು ಶಿಫಾರಸು ಮಾಡುವುದು ತಿರುವುಮುರುವಾದ ಮಾರ್ಗವನ್ನು, ಅಂದರೆ ವೋಲ್ಟೇಜ್ ಇಳಿಸುವುದನ್ನು. ರೈಜನ್ ಬೋರ್ಡುಗಳ ಬಯಾಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶದಲ್ಲಿ) ವೋಲ್ಟೇಜ್ ಹೊಂದಿಸಲು ಇರುವ ಕರ್ವ್ ಆಪ್ಟಿಮೈಸರ್‌ನಲ್ಲಿ ಪ್ರತಿ ಕೋರಿಗೂ ಋಣ 10ರಿಂದ ಆರಂಭಿಸಿ ನಿಧಾನವಾಗಿ ಕೆಳಗಿಳಿದರೆ, ಪ್ರೊಸೆಸರ್ ತಂಪಾಗಿ ಉಳಿದು ತಾನಾಗಿಯೇ ಹೆಚ್ಚು ಹೊತ್ತು ಬೂಸ್ಟ್ ವೇಗದಲ್ಲಿರುತ್ತದೆ. ಇಲ್ಲಿ ಅಸ್ಥಿರತೆ ಕಾಣಿಸಿಕೊಳ್ಳುವುದು ಪೂರ್ಣ ಹೊರೆಯಲ್ಲಿಗಿಂತ ಹೆಚ್ಚಾಗಿ ಒಂದೇ ಕೋರ್ ಜೋರಾಗಿ ಓಡುವಾಗ ಅಥವಾ ಕಂಪ್ಯೂಟರ್ ಸುಮ್ಮನಿರುವಾಗ. ಆದಕಾರಣ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸುವ ಪರೀಕ್ಷೆ ರಾತ್ರಿಯಿಡೀ ಪಾಸಾಯಿತೆಂದು ನಿಶ್ಚಿಂತರಾಗದೆ, ಒಂದೊಂದೇ ಕೋರನ್ನು ಸರದಿಯಂತೆ ಪರೀಕ್ಷಿಸಬೇಕು, ವಿಂಡೋಸ್‌ನ ಇವೆಂಟ್ ವ್ಯೂಯರ್‌ನಲ್ಲಿ ಹಾರ್ಡ್‌ವೇರ್ ದೋಷಗಳು ದಾಖಲಾಗಿವೆಯೇ ಎಂದು ನೋಡಬೇಕು.

ವೋಲ್ಟೇಜಿನ ವಿಷಯದಲ್ಲಿ ತಯಾರಕರ ಮೂಲ ಹೊಂದಾಣಿಕೆಗಳನ್ನೂ ಕುರುಡಾಗಿ ನಂಬುವ ಹಾಗಿಲ್ಲ. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಬಳಿಕ ಎಎಂಡಿ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವುದನ್ನು) 1.3 ವೋಲ್ಟಿಗೆ ಮಿತಿಗೊಳಿಸಿತು. ಇಂಟೆಲ್ 2024ರಲ್ಲಿ 13 ಮತ್ತು 14ನೆಯ ತಲೆಮಾರಿನ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಕಾರಣವೆಂದು ಒಪ್ಪಿ ಮೈಕ್ರೋಕೋಡ್ (ಬಯಾಸ್ ಮೂಲಕ ಬರುವ, ಪ್ರೊಸೆಸರಿನ ಒಳ ಸೂಚನೆಗಳ) ತಿದ್ದುಪಡಿಗಳನ್ನು ಹೊರಡಿಸಿತು, ಆ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹಾಗಾಗಿ ಬೋರ್ಡು ಮನೆಗೆ ಬಂದೊಡನೆ ಬಯಾಸ್ ನವೀಕರಿಸುವುದು ಮೊದಲ ಕೆಲಸವಾಗಬೇಕು. ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದಾದ್ದರಿಂದ ಅದನ್ನು ಯುಪಿಎಸ್ ಜೋಡಿಸಿಕೊಂಡೇ ಮಾಡಬೇಕು.

ಅಕ್ಕನ ಮಗ ಕೊನೆಗೆ ಕೊಂಡದ್ದು ರೈಜನ್ 5 7600 ಮತ್ತು ದಪ್ಪ ಹೀಟ್‌ಸಿಂಕಿನ ಬಿ650 ಬೋರ್ಡು. ಉಳಿದ ಹಣದಲ್ಲಿ ಟವರ್ ಕೂಲರ್ ಬಂತು. ಮೆಮೊರಿಯನ್ನು 16 ಜಿಬಿಯ ಎರಡು ಕಡ್ಡಿಗಳಲ್ಲಿ, ಡಿಡಿಆರ್5-6000 ವೇಗದ್ದನ್ನೇ ಕೊಳ್ಳಲು ಹೇಳಿ, ಬಯಾಸ್‌ನಲ್ಲಿ ಮೆಮೊರಿಯನ್ನು ಅಧಿಕೃತ ಮಿತಿ ಮೀರಿ ಆ ವೇಗಕ್ಕೆ ಏರಿಸುವ ಎಕ್ಸ್‌ಪೊ ಆನ್ ಮಾಡಿಸಿದೆ. ನಾಲ್ಕು ಸ್ಲಾಟುಗಳಿವೆಯೆಂದು ನಾಲ್ಕನ್ನೂ ತುಂಬಿಸುವುದು ಬೇಡವೆಂದೆ, ಏಕೆಂದರೆ ಈ ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳುವ ಮೆಮೊರಿ ವೇಗ ಎರಡು ಕಡ್ಡಿಗಳಿದ್ದಾಗ 5200, ನಾಲ್ಕಿದ್ದಾಗ 3600.