ಕಾಲ್ಬೆರಳಿಗೆ ಕಟ್ಟಿದ ತೊಟ್ಟಿಲ ಹಗ್ಗ

ಕಳೆದ ಮಳೆಗಾಲದಲ್ಲಿ ನಾನು ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು ಮಲಗುತ್ತಿದ್ದೆ. ಹಗ್ಗದ ಇನ್ನೊಂದು ತುದಿ ತೊಟ್ಟಿಲಿಗೆ. ಮಗು ಸ್ವಲ್ಪ ಮಿಸುಕಿದರೂ ಸಾಕು, ಕಣ್ಣು ಬಿಡದೆಯೇ ಕಾಲು ಎಳೆಯುತ್ತಿದ್ದೆ, ಮೇಲೆ ತೊಲೆಗೆ ಹಾಕಿದ ಕೊಂಡಿ ಕಿರ್ ಕಿರ್ ಅಂತ ಶುರುವಾಗುತ್ತಿತ್ತು. ನನಗೆ ನಿದ್ದೆ ಹತ್ತಿದರೆ ಕಾಲು ನಿಲ್ಲುತ್ತಿತ್ತು, ಕಾಲು ನಿಂತರೆ ತೊಟ್ಟಿಲು ನಿಲ್ಲುತ್ತಿತ್ತು, ಆಮೇಲೆ ಅಳು. ಒಂದು ಬೆಳಿಗ್ಗೆ ನೋಡಿದರೆ ಬೆರಳಿನ ಸುತ್ತ ಹಗ್ಗದ ಗುರುತು ಕೆಂಪಗೆ ಕೂತಿತ್ತು. ಅಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ನಿನ್ನನ್ನೂ ಹೀಗೇ ತೂಗಿದ್ದು ಕಣೆ" ಅಂದಳು.

ಈಗ ಮಗಳಿಗೆ ಒಂಬತ್ತು ತಿಂಗಳು. ಹಗ್ಗ ಬಿಚ್ಚಿ ಎರಡು ತಿಂಗಳಾಯ್ತು. ಹೇಗೆ ಬಿಚ್ಚಿದೆ ಅಂತ ಗೆಳತಿಯರು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಆಗಿದ್ದು ತವರಲ್ಲಿ, ಬಾಣಂತನದಲ್ಲಿ. ಹೊಸನಗರದ ಕಡೆ ಪುನರ್ವಸು ಮಳೆ ಹಿಡಿಯಿತು ಅಂದರೆ ಹಗಲು ಹನ್ನೊಂದು ಗಂಟೆಗೂ ಮನೆಯೊಳಗೆ ಲೈಟು ಬೇಕು. ಅದರಲ್ಲೂ ಬಾಣಂತಿ ಕೋಣೆ, ಥಂಡಿ ಗಾಳಿ ಬರುತ್ತೆ ಅಂತ ಇದ್ದ ಒಂದು ಕಿಟಕಿಯನ್ನೂ ಮುಚ್ಚಿದ್ದರು. ಬೆಳಿಗ್ಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹಾಕಿ ಮಲಗಿಸಿದರೆ ಮಧ್ಯಾಹ್ನ ಮೂರರವರೆಗೂ ಮಗು ಏಳುತ್ತಿರಲಿಲ್ಲ. ಮನೆ ತುಂಬ ಸಂತೋಷ, ಎಷ್ಟು ಒಳ್ಳೆ ಕೂಸು ಅಂತ. ರಾತ್ರಿ ಹನ್ನೊಂದಕ್ಕೆ ಕಣ್ಣು ಅರಳಿಸಿ ಆಟ ಶುರು. ಪಾಪ, ಅದಕ್ಕೇನು ಗೊತ್ತು? ಹುಟ್ಟಿದ ಮಗುವಿಗೆ ಹಗಲು, ರಾತ್ರಿ ಅನ್ನುವ ಲೆಕ್ಕವೇ ಇರುವುದಿಲ್ಲ. ಆ ಗಡಿಯಾರ ಮೈಯೊಳಗೆ ಕೂರಲಿಕ್ಕೆ ಎರಡು ಮೂರು ತಿಂಗಳು ಬೇಕು, ಅದಕ್ಕೆ ಬೆಳಕು ಬೇಕು. ನಾವು ಬೆಳಕನ್ನೇ ತೋರಿಸಿರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ಟೊಪ್ಪಿ, ಸ್ವೆಟರ್ ಹಾಕಿ ಜಗುಲಿಗೆ ಕರೆದುಕೊಂಡು ಹೋಗಿ ಕೂರುತ್ತಿದ್ದೆ. ಮಳೆ ಇದ್ದರೂ ಸರಿ. ಮೋಡದ ಬೆಳಕೂ ಬೆಳಕೇ, ನಮ್ಮ ಕೋಣೆಯ ಬಲ್ಬಿಗಿಂತ ಎಷ್ಟೋ ಜಾಸ್ತಿ. ಸೂರಿನಿಂದ ನೀರು ಧಾರೆಯಾಗಿ ಬೀಳುವುದನ್ನು ಮಗು ಬಾಯಿ ತೆರೆದುಕೊಂಡು ನೋಡುತ್ತಿತ್ತು. ಹಗಲು ಮಲಗಿದಾಗ ಕಿಟಕಿ ತೆರೆದೇ ಇಟ್ಟೆವು, ಪಾತ್ರೆ ಸದ್ದು, ಮಾತು ಯಾವುದನ್ನೂ ತಡೆಯಲಿಲ್ಲ. ರಾತ್ರಿ ಹಾಲು ಕೊಡುವಾಗ ಮಾತ್ರ ಮಾತಿಲ್ಲ, ಆಟವಿಲ್ಲ, ಮೂಲೆಯಲ್ಲಿ ಒಂದು ಸಣ್ಣ ದೀಪ ಅಷ್ಟೇ. ಎರಡು ಮೂರು ವಾರದಲ್ಲಿ ಹಗಲು ರಾತ್ರಿ ತಿರುಗಿ ಸರಿಯಾಯ್ತು.

ಇನ್ನೊಂದು ವಿಷಯ ಗಮನಿಸಿದೆ. ಜೋರು ಮಳೆಗೆ ಮಗು ಏಳುತ್ತಿರಲಿಲ್ಲ. ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದಷ್ಟು ಹೊತ್ತೂ ಗಾಢ ನಿದ್ದೆ. ನಡುರಾತ್ರಿ ಥಟ್ಟನೆ ಮಳೆ ನಿಂತು ಹೊಳವಾದರೆ ಎಚ್ಚರ! ಇದು ಮೊದಮೊದಲು ಅರ್ಥವೇ ಆಗಲಿಲ್ಲ.

ನಾಲ್ಕು ತಿಂಗಳು ದಾಟಿದ ಮೇಲೆ ಮತ್ತೆ ಕಷ್ಟ ಶುರುವಾಯ್ತು. ಗಂಟೆಗೊಮ್ಮೆ ಏಳತೊಡಗಿದಳು. ತೊಟ್ಟಿಲು ನಿಂತರೆ ಅಳು, ಎದೆಯಿಂದ ಬಿಡಿಸಿದರೆ ಅಳು. ಹಾಲು ಸಾಲುತ್ತಿಲ್ಲ ಅಂದರು, ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸು ನಿವಾಳಿಸಿದರು, ಯಾರೋ ಜೇನು ನೆಕ್ಕಿಸು ಅಂದರು. ಜೇನು ಮಾತ್ರ ಬೇಡವೇ ಬೇಡ. ಒಂದು ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಒಂದು ಹನಿಯೂ ಹಾಕಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಜೀವಕ್ಕೇ ಅಪಾಯ ಆಗಬಹುದು. ಮನೆಯ ಹಿಂದಿನ ಪೆಟ್ಟಿಗೆಯ ಜೇನಾದರೂ ಅಷ್ಟೇ.

ತೂಕ ನೋಡಿಸಲು ಶಿವಮೊಗ್ಗಕ್ಕೆ ಹೋದೆವು. ಕಾರಿನಲ್ಲಿ ದಾರಿಯುದ್ದಕ್ಕೂ ಒಂದೇ ನಿದ್ದೆ, ಆಸ್ಪತ್ರೆ ಮುಂದೆ ಇಂಜಿನ್ ಆಫ್ ಮಾಡಿದ ಕ್ಷಣಕ್ಕೆ ಕಣ್ಣು ಬಿಟ್ಟಳು. ಡಾಕ್ಟರಿಗೆ ಇದನ್ನೇ ಹೇಳಿದೆ. ತೂಕ ಚೆನ್ನಾಗಿ ಏರಿದೆ, ಹಾಲು ಸಾಲುತ್ತಿದೆ ಅಂದರು. ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ, ನಮ್ಮದು 90. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಸ್ವಲ್ಪ ಎಚ್ಚರವಾಗುತ್ತೇವೆ, ನಾವು ಮಗ್ಗುಲು ತಿರುಗಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ಅದು ನೆನಪೂ ಇರುವುದಿಲ್ಲ. ಮಗು ನಿದ್ದೆಗೆ ಹೋಗುವಾಗ ತೊಟ್ಟಿಲು ತೂಗುತ್ತಿತ್ತು, ಎಚ್ಚರವಾದಾಗ ತೂಗುತ್ತಿಲ್ಲ. ಹೊಳವಾದರೂ ಹಾಗೇ, ಇಂಜಿನ್ ನಿಂತರೂ ಹಾಗೇ. ಮಲಗಿದಾಗ ಇದ್ದದ್ದು ಈಗ ಇಲ್ಲ ಅಂತ ಗಾಬರಿ. ಅಂದರೆ ಮಗು ಏಳದಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಎದ್ದ ಮಗು ತಾನೇ ಮತ್ತೆ ಮಲಗುವುದನ್ನು ಕಲಿಯಬೇಕು.

ಐದು ತಿಂಗಳಿಗೆ ತೊಟ್ಟಿಲಿನ ಸಮೇತ ತೀರ್ಥಹಳ್ಳಿ ಹತ್ತಿರದ ಗಂಡನ ಮನೆಗೆ ಬಂದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮಗುವನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ, ಐದು ನಿಮಿಷ ಅಳಲಿ, ಆಮೇಲೆ ಹತ್ತು ನಿಮಿಷ ಅಳಲಿ ಅನ್ನುವ ಲೆಕ್ಕ. ಮಾಡುವವರು ಮಾಡಲಿ, ಅದರಿಂದ ನಿದ್ದೆ ಕಂಡವರೂ ಇದ್ದಾರೆ. ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ. ನಡುಮನೆಯಲ್ಲಿ ಅಜ್ಜಿ, ಪಕ್ಕದಲ್ಲಿ ಅತ್ತೆ ಮಾವ, ಗೋಡೆ ಅನ್ನುವುದು ಅರ್ಧಕ್ಕೆ ನಿಂತ ಹಲಗೆ. ಮಗು ಕುಂಯ್ ಅಂದರೆ ಒಂದು ನಿಮಿಷದೊಳಗೆ ಲೈಟು ಹತ್ತುತ್ತದೆ, "ಕೂಸು ಅಳ್ತಾ ಇದೆ, ಎತ್ಕಳೇ ಮಾರಾಯ್ತಿ" ಅಂತ ಅಜ್ಜಿಯ ದನಿ ಬರುತ್ತದೆ. ನನಗೂ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಹಾಗಾಗಿ ಪಕ್ಕದಲ್ಲೇ ಇದ್ದುಕೊಂಡು ನಿಧಾನಕ್ಕೆ ಕಲಿಸಿದೆ.

ಮಲಗಿಸುವ ಹೊತ್ತನ್ನು ಏಳೂವರೆಗೆ ತಂದೆ. ಮೊದಲು ಎಲ್ಲರ ಊಟ ಆಗಿ ಒಂಬತ್ತೂವರೆ ಆಗುತ್ತಿತ್ತು, ಅಷ್ಟರಲ್ಲಿ ನಿದ್ದೆ ಮೀರಿ ಹಟ ಏರಿರುತ್ತಿತ್ತು. ಹಾಲನ್ನು ನಡುಮನೆಯಲ್ಲಿ ಲೈಟು ಇರುವಾಗಲೇ ಕೊಟ್ಟು, ತೇಗು ಬಂದ ಮೇಲೆ ಕೋಣೆಗೆ. ದಿನಾ ಅದೇ ಎರಡು ಜೋಗುಳ. ರಾತ್ರಿಗೆ ಡೈಪರ್ ಹಾಕಿದೆ, ಈ ಥಂಡಿಯಲ್ಲಿ ಬಟ್ಟೆ ಒದ್ದೆಯಾದರೆ ಯಾವ ಮಗು ಮಲಗುತ್ತೆ ಹೇಳಿ? ಆಮೇಲೆ ಕಣ್ಣು ಭಾರವಾಗಿ, ಆದರೆ ಪೂರ್ತಿ ಮುಚ್ಚುವ ಮೊದಲೇ ತೊಟ್ಟಿಲು ತೂಗುವುದನ್ನು ನಿಲ್ಲಿಸಿದೆ. ಇದೊಂದೇ ನಿಜವಾದ ಬದಲಾವಣೆ, ಕಷ್ಟವಾಗಿದ್ದೂ ಇದೇ.

ಮೊದಲ ರಾತ್ರಿ ನಲವತ್ತು ನಿಮಿಷ ಅತ್ತಳು. ಎದೆಯ ಮೇಲೆ ಕೈ ಇಟ್ಟು ಮೆಲ್ಲಗೆ ತಟ್ಟುತ್ತಾ ಪಕ್ಕದಲ್ಲೇ ಕೂತಿದ್ದೆ. ತೀರಾ ಜೋರಾದರೆ ಎತ್ತಿಕೊಂಡೆ, ಸಮಾಧಾನವಾದ ಮೇಲೆ ಮತ್ತೆ ಮಲಗಿಸಿದೆ. ನಾನೂ ಅತ್ತೆ. ನಾಲ್ಕನೇ ರಾತ್ರಿ ಹತ್ತು ನಿಮಿಷ. ನಂತರ ಎರಡು ದಿನ ಮತ್ತೆ ಜಾಸ್ತಿ. ಒಂದು ವಾರ ಬಿಟ್ಟು ತಟ್ಟುವುದನ್ನು ನಿಲ್ಲಿಸಿ ಸುಮ್ನೆ ಕೈ ಇಟ್ಟೆ, ಆಮೇಲೆ ಕೈಯನ್ನೂ ತೆಗೆದೆ. ಮೂರು ವಾರ ಹಿಡಿಯಿತು. ನಡುರಾತ್ರಿ ಸದ್ದು ಬಂದರೆ ನೂರು ಎಣಿಸುವವರೆಗೆ ಮುಟ್ಟುತ್ತಿರಲಿಲ್ಲ. ಮಕ್ಕಳು ನಿದ್ದೆಯಲ್ಲೇ ಮುಲುಕುತ್ತವೆ, ಕೈಕಾಲು ಆಡಿಸುತ್ತವೆ, ಕಣ್ಣನ್ನೂ ಬಿಡುತ್ತವೆ. ಎದ್ದಿತು ಅಂತ ನಾವು ಎತ್ತಿಕೊಂಡು, ಮಲಗಿದ್ದ ಮಗುವನ್ನು ನಾವೇ ಎಬ್ಬಿಸುತ್ತೇವೆ. ಹಗ್ಗ ಕಟ್ಟಿಕೊಂಡು ನಾನು ಮಾಡಿದ್ದೂ ಅದನ್ನೇ.

ಬೆಳಗಿನ ಜಾವ ಮೂರರ ಹಾಲನ್ನು ಮಾತ್ರ ನಿಲ್ಲಿಸಲಿಲ್ಲ. ಅದು ಹಸಿವು, ಹಸಿವಿಗೆ ಪಾಠ ಮಾಡಬಾರದು. 2018ರಲ್ಲಿ ಕೆನಡಾದ ಸಂಶೋಧಕರು ಸುಮಾರು 400 ಮಕ್ಕಳ ತಾಯಂದಿರನ್ನು ಕೇಳಿ ನೋಡಿದಾಗ, ಆರು ತಿಂಗಳಿಗೆ ಶೇ. 38ರಷ್ಟು ಮಕ್ಕಳು ಒಟ್ಟಿಗೆ ಆರು ಗಂಟೆಯೂ ಮಲಗುತ್ತಿರಲಿಲ್ಲ. ಹೀಗಿರುವಾಗ ಪಕ್ಕದ ಮನೆ ಮಗು ಮೂರು ತಿಂಗಳಿಗೇ ಬೆಳಗಾಗುವವರೆಗೆ ಮಲಗುತ್ತೆ ಅನ್ನುವ ಮಾತು ಕೇಳಿ ದಯವಿಟ್ಟು ಕೊರಗಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಮಗುವನ್ನು ಅಂಗಾತವೇ ಮಲಗಿಸುವುದು, ತಲೆ ದುಂಡಗಾಗಲಿ ಅಂತ ಇಟ್ಟ ಸಾಸಿವೆ ದಿಂಬು ತೆಗೆಯುವುದು, ಕಂಬಳಿ ಹೊದಿಸುವ ಬದಲು ಬಟ್ಟೆಯನ್ನೇ ಬೆಚ್ಚಗೆ ಹಾಕುವುದು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಕಾರಣ ಗೊತ್ತಾಗದೆ ತೀರಿಹೋಗುವ ಶಿಶುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ದಿಂಬು ತೆಗೆದಾಗ ಅಜ್ಜಿಗೆ ಬೇಜಾರಾಯ್ತು. ಪಕ್ಕದಲ್ಲಿ ಕೂತು ಇದನ್ನೆಲ್ಲ ಹೇಳಿದೆ, ಕೇಳಿಸಿಕೊಂಡರು.

ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು. ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಸುಲಿಯುವವರ ಸಾಲು, ಮೆಟ್ಟುಗತ್ತಿಯ ಸದ್ದು, ನಗು, ಒಲೆಯ ಮೇಲೆ ಬೇಯುವ ಅಡಿಕೆಯ ವಾಸನೆ. ಕಲಿತದ್ದೆಲ್ಲ ಹೋಯ್ತು ಅಂದುಕೊಂಡೆ. ಸದ್ದಿನಿಂದ ಏನೂ ಆಗಲಿಲ್ಲ. ತೊಂದರೆ ಆಗಿದ್ದು ಕೂಸನ್ನು ಎತ್ತಿಕೊಳ್ಳುವ ಪ್ರೀತಿಯಿಂದ, ಎಂಟು ಗಂಟೆಗೆ ಎಲ್ಲರಿಗೂ ಅವಳು ಬೇಕು. ಎರಡನೇ ದಿನವೇ ಅತ್ತೆ ಬಾಗಿಲಿಗೆ ಬಂದು ನಿಂತು, "ಕೂಸು ಮಲಗಿಯಾಯ್ತು, ನಾಳೆ ಬೆಳಿಗ್ಗೆ ಬಂದು ಆಡಿಸಿ" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಎಷ್ಟು ಋಣಿ ಅಂತ ಹೇಳಲಾರೆ.

ನಿನ್ನೆ ರಾತ್ರಿ ಒಂದೂವರೆಗೆ ಎಚ್ಚರವಾಯ್ತು, ನನಗೆ. ತೊಟ್ಟಿಲಲ್ಲಿ ಅವಳೂ ಎದ್ದಿದ್ದಳು. ಕಾಲು ಎತ್ತಿ ಹಲಗೆಗೆ ಎರಡು ಸಲ ಬಡಿದಳು, ತನ್ನಷ್ಟಕ್ಕೆ ಏನೋ ಗುನುಗಿದಳು, ಬೆರಳು ಬಾಯಿಗೆ ಹಾಕಿಕೊಂಡಳು, ಆಮೇಲೆ ಉಸಿರು ನಿಧಾನವಾಯ್ತು. ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಅಜ್ಜಿ ಕೇಳಿದರು, "ರಾತ್ರಿ ಕೂಸು ಏಳಲೇ ಇಲ್ಲ, ಅಲ್ದನೇ?"

"ಎದ್ದಿತ್ತು ಅಜ್ಜಿ" ಅಂದೆ.