ಮನೆಯ ಟ್ಯಾಂಕಿಗೆ ಯಾವ ‘ಶಾರ್ಕ್’?

ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಗಳಲ್ಲಿ ‘ಶಾರ್ಕ್’ ಅಂತ ಸಿಗುವ ಸಿಹಿನೀರಿನ ಮೀನು ಯಾವುದೂ ನಿಜವಾದ ಶಾರ್ಕ್ ಅಲ್ಲ. ಹೆಚ್ಚಿನವು ಕಾರ್ಪ್ ಬಳಗದವು. ಇರಿಡೆಸೆಂಟ್ ಶಾರ್ಕ್ ಮಾತ್ರ ಕ್ಯಾಟ್‌ಫಿಶ್. ಬೆರಳುದ್ದದ ಅದರ ಮರಿಗೆ ಮರುಳಾಗಬೇಡಿ, ಬೆಳೆದರೆ ಒಂದು ಮೀಟರ್ ದಾಟುತ್ತದೆ. ಹೋಟೆಲಿನ ತಟ್ಟೆಗೆ ‘ಬಾಸಾ’ ಅಂತ ಬರುವುದು ಹೆಚ್ಚಾಗಿ ಇದೇ! ಬಾಲಾ ಶಾರ್ಕ್ ಸಾಧು ಪ್ರಾಣಿ. ಆದರೆ 30 ಸೆಂ.ಮೀ. ಬೆಳೆಯುತ್ತದೆ, ಮೇಲೆ ಗುಂಪೂ ಬೇಕು. ಬಿಡಿ.

ಉಳಿದದ್ದು ರೇನ್‌ಬೋ ಶಾರ್ಕ್, ರೆಡ್‌ಟೇಲ್ ಬ್ಲ್ಯಾಕ್ ಶಾರ್ಕ್. ಎರಡೂ ಸುಮಾರು 15 ಸೆಂ.ಮೀ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ (ಸುಮಾರು 250 ಲೀಟರ್) ಟ್ಯಾಂಕಿಗೆ ಇವೆರಡರಲ್ಲಿ ಒಂದೇ ಒಂದು ಮೀನು. ಎರಡು ಬಿಟ್ಟರೆ ಬಲವಾದದ್ದು ಇನ್ನೊಂದನ್ನು ಮೂಲೆಗೆ ಅಟ್ಟುತ್ತದೆ, ರೆಕ್ಕೆ ಹರಿಯುತ್ತದೆ, ತಿನ್ನಲೂ ಬಿಡುವುದಿಲ್ಲ.

ಇದನ್ನು ಎಲ್ಲ ಮೀನುಗಳ ನಂತರ ಬಿಡಿ. ಮೊದಲೇ ಬಂದರೆ ಟ್ಯಾಂಕೆಲ್ಲ ತನ್ನದೇ ಅಂದುಕೊಳ್ಳುತ್ತದೆ. ಜೊತೆಗೆ ಚುರುಕಾದ ಟೈಗರ್ ಬಾರ್ಬ್ 8–10 ಸಾಕು, ತಳದಲ್ಲೇ ಇರುವ ಕೋರಿಡೋರಾಸ್ ಬೇಡ. ಕಾಟ ಹೆಚ್ಚಾದರೆ ಕಲ್ಲುಗಳ ಜಾಗ ಬದಲಿಸಿ, ಹಳೆಯ ಗಡಿ ಅಳಿಯುತ್ತದೆ. ಹಾರುವ ಮೀನಿದು, ಮುಚ್ಚಳ ಕಡ್ಡಾಯ.

ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು. ನಳ ದಿನಾ ಬಾರದ ಓಣಿಯಲ್ಲಿ 60 ಲೀಟರ್ ಬ್ಯಾರಲ್ಲಿನಲ್ಲಿ ಹಿಡಿದಿಡಿ; ಏರ್ ಪಂಪ್ ಹಚ್ಚಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ.